ಮುಚ್ಚಿದ ಕಾರ್ಖಾನೆಯ ಬೈಕಿಗೆ ಬಿಡಿಭಾಗ ಹುಡುಕುತ್ತಾ

ಪುಣೆಯ ಕನ್ನಡ ಗೆಳೆಯರ ನಡುವೆ ಹಳೇ ಜಾವಾ, ಯೆಜ್ಡಿ ಬೈಕುಗಳ ಮಾತು ಬಂದಾಗಲೆಲ್ಲ ಎರಡು ಪ್ರಶ್ನೆ ಏಳುತ್ತವೆ. ಒಂದು, "ಸ್ಪೇರ್ ಪಾರ್ಟ್ಸ್ ಸಿಗ್ತಾವೇನು?" ಇನ್ನೊಂದು, "ಒಟ್ಟು ಎಷ್ಟು ಖರ್ಚಾಯ್ತು?" ಮೊದಲನೆಯದಕ್ಕೆ ಉತ್ತರ ಸುಲಭ. ಸಿಗುತ್ತವೆ, ಬೇಕಾದ್ದಕ್ಕಿಂತ ಹೆಚ್ಚೇ ಸಿಗುತ್ತವೆ. ಕಷ್ಟ ಇರುವುದು ಎರಡನೆಯದರಲ್ಲಿ. ಯಾವುದನ್ನು ಅಗ್ಗಕ್ಕೆ ಕೊಳ್ಳಬೇಕು, ಯಾವುದಕ್ಕೆ ಜಿಪುಣತನ ಮಾಡಬಾರದು, ಯಾವುದನ್ನು ಕೊಳ್ಳಲೇಬಾರದು ಎಂಬುದರ ಮೇಲೆ ಖರ್ಚು ಐವತ್ತು ಸಾವಿರಕ್ಕೆ ನಿಲ್ಲುತ್ತದೋ ಒಂದೂವರೆ ಲಕ್ಷ ದಾಟುತ್ತದೋ ತೀರ್ಮಾನವಾಗುತ್ತದೆ. ಕಳೆದ ವರ್ಷ ನಾನು ಇದನ್ನು ಮಾಡಿ ನೋಡಿದ್ದರಿಂದ, ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಯೆಜ್ಡಿ 250 ಕ್ಲಾಸಿಕ್, 1979ರ ನೋಂದಣಿ. ಗದಗಿನಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದ ನಮ್ಮಪ್ಪ 1986ರಲ್ಲಿ ಒಬ್ಬ ಪಶುವೈದ್ಯರಿಂದ ಕೊಂಡದ್ದು. 2019ರಲ್ಲಿ ಕೊನೆಯ ಸಲ ಆರ್‌ಸಿ ನವೀಕರಣವಾದ ಮೇಲೆ ವಿಪರೀತ ಹೊಗೆ ಶುರುವಾಗಿ, ಕಿಕ್ ಹೊಡೆದರೆ ಸ್ಟಾರ್ಟ್ ಆಗದ ಸ್ಥಿತಿಗೆ ಬಂದು, ಹಿತ್ತಲ ತಗಡಿನ ಶೆಡ್ಡಿನಲ್ಲಿ ನಿಂತಿತು. ಅಪ್ಪನಿಗೆ ಈಗ 74. ಅವರು ಅದನ್ನು ಮತ್ತೆ ಓಡಿಸುತ್ತೇನೆಂದು ಒಮ್ಮೆಯೂ ಅನ್ನಲಿಲ್ಲ, ಮಾರುತ್ತೇನೆಂದೂ ಅನ್ನಲಿಲ್ಲ. ಗುಜರಿಯವನು ಎರಡು ಸಲ ಬಂದು ಕೇಳಿ ಹೋದದ್ದು ಅವ್ವ ಹೇಳಿದ ಮೇಲೆ ನನಗೆ ಗೊತ್ತಾಯಿತು.

ಈ ಬೈಕಿನ ವಂಶ ಮೈಸೂರಿನದು. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಅವರ ಐಡಿಯಲ್ ಜಾವಾ ಕಂಪನಿಯ ಕಾರ್ಖಾನೆ ಯಾದವಗಿರಿಯಲ್ಲಿತ್ತು. ಉದ್ಘಾಟಿಸಿದವರು ಜಯಚಾಮರಾಜ ಒಡೆಯರ್. 1961ರಿಂದ ಅಲ್ಲಿ ಝೆಕ್ ದೇಶದ ಜಾವಾ ಬೈಕುಗಳು ತಯಾರಾದವು. 1973ರಿಂದ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಅಂದರೆ ಇವತ್ತು ಅಂಗಡಿಯಲ್ಲಿ ಸಿಗುವ 'ಒರಿಜಿನಲ್ ಕಂಪನಿ ಮಾಲು' ಎಂಬುದು ಸುಮಾರು ಮೂವತ್ತು ವರ್ಷ ಯಾರದೋ ಗೋಡೌನಿನ ಅಟ್ಟದ ಮೇಲೆ ಕೂತ ಹಳೇ ಸ್ಟಾಕು, ಅಥವಾ ಶುದ್ಧ ಸುಳ್ಳು. ಮಿಕ್ಕದ್ದೆಲ್ಲ ಲುಧಿಯಾನಾ, ದಿಲ್ಲಿ ಕಡೆಯ ಸಣ್ಣ ಕಾರ್ಖಾನೆಗಳು ಈಗ ಮಾಡಿ ಮಾರುವ ಡೂಪ್ಲಿಕೇಟು. ಡೂಪ್ಲಿಕೇಟ್ ಅಂದ ಮಾತ್ರಕ್ಕೆ ಮೂಗು ಮುರಿಯಬೇಡಿ, ಅದರಲ್ಲೂ ಒಳ್ಳೆಯದಿದೆ. ಇತ್ತೀಚೆಗೆ ಜಾವಾ, ಯೆಜ್ಡಿ ಹೆಸರಿನಲ್ಲಿ ಬಂದಿರುವ ಹೊಸ ಬೈಕುಗಳ ಷೋರೂಮಿಗೆ ಹೋಗಿ ಕೇಳಿ ಪ್ರಯೋಜನವಿಲ್ಲ. ಅವು ನೀರಿನಿಂದ ತಣಿಯುವ 4-ಸ್ಟ್ರೋಕ್ ಎಂಜಿನ್ನುಗಳು. ನಮ್ಮದು ಗಾಳಿಗೆ ತಣಿಯುವ 2-ಸ್ಟ್ರೋಕ್. ಹೆಸರೊಂದು ಬಿಟ್ಟರೆ ಸಂಬಂಧವೇ ಇಲ್ಲ.

ಕೆಲಸ ಶುರು ಮಾಡಲು ಪ್ರೀತಿಗಿಂತ ಕಾಗದ ಪತ್ರದ ಒತ್ತಡವೇ ಹೆಚ್ಚಿತ್ತು. 15 ವರ್ಷ ದಾಟಿದ ಬೈಕಿನ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ನಮ್ಮದರ ಅವಧಿ 2024ರ ಡಿಸೆಂಬರಿಗೆ ಮುಗಿಯುತ್ತಿತ್ತು. ನವೀಕರಣಕ್ಕೆ ಬೈಕನ್ನು ಗದಗಿನ ಆರ್‌ಟಿಒ ಕಚೇರಿಗೆ ಒಯ್ದು ತೋರಿಸಬೇಕು, ಹಾರ್ನು, ಲೈಟು, ಬ್ರೇಕು ಕೆಲಸ ಮಾಡಬೇಕು. ತಡವಾದರೆ ತಿಂಗಳಿಗೆ 300 ರೂಪಾಯಿಯಂತೆ ದಂಡ. ಪುಣೆಗೇ ತಂದು ಇಟ್ಟುಕೊಳ್ಳೋಣವೆಂದರೆ, ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟ ವಾಹನವನ್ನು ಅಲ್ಲೇ ಮರುನೋಂದಣಿ ಮಾಡಿಸಬೇಕು. ಆಗ ಎಂಎಚ್ ನಂಬರು ಬರುತ್ತದೆ, ಕೆಎ ಬರುವುದಕ್ಕೂ ಮುಂಚಿನ ಆ ಮೂರಕ್ಷರದ ಹಳೇ ನಂಬರು ಹೋಗುತ್ತದೆ. ಅಪ್ಪನ ಹಳೇ ವಿದ್ಯಾರ್ಥಿಗಳು ಇವತ್ತಿಗೂ ಅವರನ್ನು ಗುರುತಿಸುವುದು ಆ ನಂಬರಿನಿಂದಲೇ.

ಇನ್ನೊಂದು ಲೆಕ್ಕವೂ ಇತ್ತು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆಯೇ ನಿಯಮ ತಂದಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಬೈಕು, ಕಾರುಗಳಿಗೆ ಇದು ಅನ್ವಯ. ಈಗಾಗಲೇ ನೋಂದಣಿ ಇರುವ ವಾಹನ ತನ್ನ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ಷರತ್ತಿದೆ. ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಮಾಡಿರಬಾರದು. ನಮ್ಮ ಬೈಕಿಗೆ 2029ಕ್ಕೆ ಐವತ್ತು ತುಂಬುತ್ತದೆ. ಹಾಗಾಗಿ ಈಗ ಹಾಕುವ ಪ್ರತಿಯೊಂದು ಭಾಗವೂ ಐದು ವರ್ಷದ ನಂತರದ ಪ್ರಶ್ನೆಗೆ ಉತ್ತರ ಕೊಡುವಂತಿರಬೇಕಿತ್ತು.

ಇಲ್ಲಿನ ಒಂದು ರಿಸ್ಟೋರೇಷನ್ ಗ್ಯಾರೇಜಿನಲ್ಲಿ ಕೇಳಿದೆ. 1 ಲಕ್ಷ 40 ಸಾವಿರ ಅಂದರು. ಅದರಲ್ಲಿ ಅರ್ಧದಷ್ಟು ಪೇಂಟು ಮತ್ತು ಕ್ರೋಮಿನದೇ. ಮನೆ ಸಾಲದ ಕಂತು ನಡೆಯುತ್ತಿರುವಾಗ ಮನೆಯಲ್ಲಿ ಒಪ್ಪಿಗೆ ಸಿಕ್ಕದ್ದು 50 ಸಾವಿರಕ್ಕೆ. ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ, "ಅಷ್ಟ ರೊಕ್ಕದಾಗ ಹೊಸಾ ಸ್ಕೂಟಿ ಬರತೈತಲ್ಲೋ" ಅಂದರು. ಸ್ವಲ್ಪ ಸುಮ್ಮನಿದ್ದು, "ಯಾವ ರೈಲಿಗೆ ಕಳಸಬೇಕು?" ಅಂತಲೂ ಕೇಳಿದರು. ಟ್ಯಾಂಕಿನ ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಆರ್‌ಸಿ ಮತ್ತು ಗುರುತಿನ ಚೀಟಿಯ ಪ್ರತಿ ಕೊಟ್ಟು, ಗೋಣಿತಟ್ಟು ಸುತ್ತಿಸಿ ಹುಬ್ಬಳ್ಳಿಯಿಂದ ಪುಣೆಗೆ ಪಾರ್ಸೆಲ್ ಮಾಡಿದ್ದಾಯಿತು.

ಬೈಕಿನ ಜೊತೆ ಅಪ್ಪ ಎರಡು ವಸ್ತು ಕಳಿಸಿದ್ದರು. ಒಂದು ಡಾಲ್ಡಾ ಡಬ್ಬಿ, ಇನ್ನೊಂದು ರೂಲ್ ಹಾಕಿದ ನೂರು ಪುಟದ ನೋಟ್‌ಬುಕ್ಕು. ಡಬ್ಬಿಯಲ್ಲಿ ಮೂವತ್ತು ವರ್ಷದಲ್ಲಿ ಬಿಚ್ಚಿ ಹಾಕಿದ ಚೂರುಪಾರು: ಪಾಯಿಂಟ್ ಸೆಟ್ಟು, ಸ್ಪ್ರಿಂಗುಗಳು, ಕಾರ್ಬೊರೇಟರ್ ಜೆಟ್ಟು, ಎರಡು ಸರ್ಕ್ಲಿಪ್ಪು. ನೋಟ್‌ಬುಕ್ಕಿನಲ್ಲಿ ಪ್ರತಿ ರಿಪೇರಿಯ ತಾರೀಖು, ಮೊತ್ತ. ಅದರಲ್ಲಿ ಒಂದು ಸಾಲು ನನಗೆ ಬಹಳ ಉಪಯೋಗಕ್ಕೆ ಬಂತು: 1991, ಬೋರಿಂಗ್, 0.25 ಪಿಸ್ಟನ್. ಹಳೇ ಬೈಕು ಕೈಗೆತ್ತಿಕೊಳ್ಳುವವರಿಗೆ ನನ್ನ ಮೊದಲ ಸಲಹೆ ಇದೇ. ಮಾರ್ಕೆಟ್ಟಿಗೆ ಹೋಗುವ ಮೊದಲು ಮನೆಯ ಕಪಾಟು, ಅಟ್ಟ, ಹಳೇ ಮೆಕ್ಯಾನಿಕ್ಕನ ನೆನಪು, ಇವನ್ನು ಜಾಲಾಡಿ. ಎಂಜಿನ್ ಪೂರ್ತಿ ಬಿಚ್ಚಿ, ಅಳೆದು, ಪಟ್ಟಿ ಮಾಡುವ ತನಕ ಒಂದು ನಟ್ಟನ್ನೂ ಕೊಳ್ಳಬೇಡಿ. (ನಮ್ಮ ಜಾತಿಯ ಐಟಿ ಮಂದಿ ಎಕ್ಸೆಲ್ ಶೀಟು ಹೇಗೂ ಮಾಡೇ ಮಾಡುತ್ತೇವೆ. ಅದು ಇಲ್ಲಿ ಒಮ್ಮೆಯಾದರೂ ಸಾರ್ಥಕ.)

ಬಿಚ್ಚಿದ ಮೇಲೆ ತಿಳಿಯುವ ಸಮಾಚಾರವೆಂದರೆ, ಬೈಕಿನೊಳಗಿನ ಬಹಳಷ್ಟು ವಸ್ತು ಬೈಕಿನದೇ ಅಲ್ಲ. ಬೇರಿಂಗನ್ನೇ ನೋಡಿ. 'ಯೆಜ್ಡಿ ಬೇರಿಂಗ್ ಸೆಟ್' ಎಂದು ಕೇಳಿದರೆ ಡಬ್ಬಿಯಲ್ಲಿ ಹಾಕಿ, ಮೇಲೆ ಒಂದು ಹೆಸರು ಬರೆದು, ದುಪ್ಪಟ್ಟು ಬೆಲೆ ಹೇಳುತ್ತಾರೆ. ಅದೇ ಹಳೇ ಬೇರಿಂಗಿನ ಅಂಚನ್ನು ಸೀಮೆಎಣ್ಣೆಯಲ್ಲಿ ಒರೆಸಿದರೆ ನಾಲ್ಕಂಕಿಯ ನಂಬರು ಕಾಣುತ್ತದೆ. ಅದು ಜಗತ್ತಿನಲ್ಲೆಲ್ಲ ಒಂದೇ. ಈ ಮಾದರಿಯ ಬೇರಿಂಗುಗಳಲ್ಲಿ ಕೊನೆಯ ಎರಡಂಕಿ 04 ಅಥವಾ ಮೇಲಿದ್ದರೆ ಅದನ್ನು ಐದರಿಂದ ಗುಣಿಸಿ, ಒಳವ್ಯಾಸ ಮಿಲಿಮೀಟರಿನಲ್ಲಿ ಸಿಗುತ್ತದೆ. 6205 ಅಂದರೆ 25 ಮಿಮೀ. ಆ ನಂಬರು ಹಿಡಿದು ಬೇರಿಂಗ್ ಅಂಗಡಿಗೇ ಹೋದರೆ, ಪಂಪ್‌ಸೆಟ್ಟಿಗೆ ಹಾಕುವ ಅದೇ ಒಳ್ಳೆಯ ಕಂಪನಿಯ ಬೇರಿಂಗು ಬಿಲ್ ಸಮೇತ ಬರುತ್ತದೆ. ಆಯಿಲ್ ಸೀಲಿನದೂ ಹೀಗೇ. ಒಳವ್ಯಾಸ, ಹೊರವ್ಯಾಸ, ದಪ್ಪ, ಮೂರೂ ಅದರ ಮೇಲೇ ಅಚ್ಚಾಗಿರುತ್ತವೆ. ಝೆಕ್ ಮೂಲದ ಗಾಡಿಯಾದ್ದರಿಂದ ನಟ್ಟು ಬೋಲ್ಟುಗಳೆಲ್ಲ ಮೆಟ್ರಿಕ್. ಹಳೇ ಬ್ರಿಟಿಷ್ ಬೈಕಿಟ್ಟುಕೊಂಡವರು ಇಂಚಿನ ಥ್ರೆಡ್ಡಿಗೆ ಪಡುವ ಪಾಡು ನಮಗಿಲ್ಲ. ಬೇರಿಂಗು, ಸೀಲು ಎಲ್ಲ ಸೇರಿ ನನಗೆ 2,150 ರೂಪಾಯಿ ಆಯಿತು.

ಸೀಲಿನ ವಿಷಯದಲ್ಲಿ ಹತ್ತಿಪ್ಪತ್ತು ರೂಪಾಯಿ ಉಳಿಸಬೇಡಿ. 2-ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಕೋಣೆಯೇ ಗಾಳಿ ಪೆಟ್ರೋಲು ಎಳೆದುಕೊಳ್ಳುವ ಪಂಪು. ಎಡಬದಿಯ, ಅಂದರೆ ಕ್ಲಚ್ ಕಡೆಯ ಸೀಲು ಸವೆದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಊರೆಲ್ಲ ಬಿಳಿ ಹೊಗೆ. ನಮ್ಮ ಬೈಕಿನ ಹೊಗೆಗೆ ಕಾರಣ ಅದೇ. ಬಲಬದಿಯ ಡೈನಮೊ ಕಡೆಯದು ಸವೆದರೆ ಹೊಗೆಯೇನೂ ಕಾಣುವುದಿಲ್ಲ, ಬದಲಿಗೆ ಹೊರಗಿನ ಗಾಳಿ ನುಗ್ಗಿ ಪೆಟ್ರೋಲಿನ ಪ್ರಮಾಣ ತಗ್ಗುತ್ತದೆ, ಎಂಜಿನ್ ಕಾದು, ಓಡುತ್ತಿರುವಾಗಲೇ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಅರವತ್ತು ರೂಪಾಯಿಯ ರಬ್ಬರು ಮಾಡುವ ಕೆಲಸ ಇದು.

ಕ್ರ್ಯಾಂಕ್ ಮಾತ್ರ ಅಂಗಡಿಯಲ್ಲಿ ಕೊಂಡು ತರುವ ವಸ್ತುವಲ್ಲ. ನಾನಾ ಪೇಠೆಯಲ್ಲಿ ಪೂರ್ತಿ ಕ್ರ್ಯಾಂಕ್ ಅಸೆಂಬ್ಲಿ ಡೂಪ್ಲಿಕೇಟ್ ಇತ್ತು. ಕೈಯಲ್ಲಿ ತಿರುಗಿಸಿದರೆ ಕಣ್ಣಿಗೇ ಕಾಣುವಷ್ಟು ಓಲಾಡುತ್ತಿತ್ತು. ಅದರ ಬದಲು ಕನೆಕ್ಟಿಂಗ್ ರಾಡ್ ಕಿಟ್ ಒಂದನ್ನೇ ಕೊಂಡೆ, ಅಂದರೆ ರಾಡು, ಪಿನ್ನು, ರೋಲರುಗಳು. ಅದನ್ನು ಹಿಡಿದು ಭೋಸರಿಯ ಎಂಐಡಿಸಿಗೆ ಹೋದೆ. ಪುಣೆಯಲ್ಲಿರುವವರಿಗೆ ಇದೊಂದು ಭಾಗ್ಯ. ದೊಡ್ಡ ಕಾರ್ಖಾನೆಗಳ ನೆರಳಿನಲ್ಲಿ ನೂರಾರು ಸಣ್ಣ ಲೇತ್ ಶೆಡ್ಡುಗಳು, ಒಂದೊಂದರಲ್ಲೂ ಮೈಕ್ರೋಮೀಟರನ್ನು ಚಮಚದಷ್ಟು ಸಲೀಸಾಗಿ ಹಿಡಿಯುವ ಕೈಗಳು.

ಅಂಥದೊಂದು ಶೆಡ್ಡಿನಲ್ಲಿ ಸಿಕ್ಕವರು ಅಕ್ಕಲಕೋಟೆ ಕಡೆಯ ಕಾಕಾ ಒಬ್ಬರು. ನಾನು ಹರಕು ಮರಾಠಿಯಲ್ಲಿ ವಿವರಿಸುತ್ತಿದ್ದದ್ದನ್ನು ಪೂರ್ತಿ ಕೇಳಿಸಿಕೊಂಡು, "ಕನ್ನಡದಾಗ ಹೇಳ್ರಿ ಸಾಹೇಬ್ರ, ಲಗೂ ಮುಗೀತದ" ಅಂದರು. ಯೆಜ್ಡಿಯ ಕ್ರ್ಯಾಂಕು ಎರಡು ಉಕ್ಕಿನ ಚಕ್ರಗಳ ನಡುವೆ ಪಿನ್ನನ್ನು ಪ್ರೆಸ್ ಮಾಡಿ ಕೂರಿಸಿದ್ದು. ಬಿಚ್ಚಲು ಹೈಡ್ರಾಲಿಕ್ ಪ್ರೆಸ್ ಬೇಕು. ಮತ್ತೆ ಕೂರಿಸಿದ ಮೇಲೆ ಎರಡೂ ಬದಿಯ ಶಾಫ್ಟು ಒಂದೇ ಗೆರೆಯಲ್ಲಿರಬೇಕು. ಕಾಕಾ ಅದನ್ನು ಲೇತಿನ ಎರಡು ಸೆಂಟರಿನ ನಡುವೆ ಹಿಡಿಸಿ, ಡಯಲ್ ಗೇಜ್ ತಾಗಿಸಿ, ನಿಧಾನ ತಿರುಗಿಸುತ್ತಿದ್ದರು. ಮುಳ್ಳು ಅಲ್ಲಾಡಿದ ಕಡೆ ಸೀಮೆಸುಣ್ಣದ ಗುರುತು ಹಾಕಿ ತಾಮ್ರದ ಸುತ್ತಿಗೆಯಿಂದ ಒಂದು ಪೆಟ್ಟು. ಮತ್ತೆ ತಿರುಗಿಸುವುದು, ಮತ್ತೆ ಒಂದು ಪೆಟ್ಟು. ಹೀಗೆ ಮುಕ್ಕಾಲು ಗಂಟೆ. ಕೊನೆಗೆ ಮುಳ್ಳು ಎರಡು ಗೆರೆಯೊಳಗೆ, ಅಂದರೆ 0.02 ಮಿಮೀ ಒಳಗೆ ನಿಂತಿತು. ಹೊಸದನ್ನೇ ಕೊಳ್ಳಬೇಕಿತ್ತೇನೋ ಎಂದು ನಾನು ಅನುಮಾನದಲ್ಲಿ ಕೇಳಿದ್ದಕ್ಕೆ, "ಈ ಗಾಲಿ ಮೈಸೂರಿಂದದ ರೀ. ಇಂಥಾ ಲೋಹ ಈಗ ಎಲ್ಲಿ ಸಿಗ್ತದ? ಒಗೀಬ್ಯಾಡ್ರಿ" ಅಂದರು. ರಾಡ್ ಕಿಟ್, ಮಜೂರಿ ಸೇರಿ 3,800.

ಪಿಸ್ಟನ್ನಿನ ವಿಚಾರಕ್ಕೆ ಬಂದರೆ, ಡೂಪ್ಲಿಕೇಟಿನ ಅಪಾಯ ಹೆಚ್ಚಿರುವುದು ಇಲ್ಲೇ. ಮೂಲ ಬೋರು 65 ಮಿಮೀ. ಸವೆದಂತೆಲ್ಲ 0.25, 0.50, 0.75, 1.00 ಎಂದು ದೊಡ್ಡ ಮಾಡುತ್ತ ಹೋಗಬಹುದು. ಅದೂ ಮುಗಿದರೆ ಸಿಲಿಂಡರಿಗೆ ಹೊಸ ತೋಳು, ಸ್ಲೀವ್ ಅನ್ನುತ್ತಾರೆ, ಅದನ್ನು ಹಾಕಿಸಬೇಕು. ಅಪ್ಪನ ನೋಟ್‌ಬುಕ್ಕಿನ ಪ್ರಕಾರ ನಾವು 0.25ರಲ್ಲಿದ್ದೆವು. ಕಾಕಾ ಅಳೆದಾಗಲೂ ಅದೇ ಬಂತು, 0.50ಕ್ಕೆ ಹೋದರೆ ಸಾಕಿತ್ತು. ಮಾರ್ಕೆಟ್ಟಿನಲ್ಲಿ 700 ರೂಪಾಯಿಯಿಂದ ಪಿಸ್ಟನ್ ಸಿಗುತ್ತದೆ. ಅಗ್ಗದ ಮಿಶ್ರಲೋಹ ಕಾದಾಗ ಹೆಚ್ಚು ಹಿಗ್ಗಿ ಎರಕದ ಕಬ್ಬಿಣದ ಸಿಲಿಂಡರಿಗೆ ಕಚ್ಚಿಕೊಂಡರೆ ಬೋರಿಂಗಿನ ದುಡ್ಡೂ ಹೋಗುತ್ತದೆ, ಉಳಿದ ಒಂದು ಸೈಜೂ ಹೋಗುತ್ತದೆ. ಮೂರು ಅಂಗಡಿ ತಿರುಗಿ 1,750ರ ಪಿಸ್ಟನ್ ತಂದೆ. ಮುಖ್ಯವಾದ ಮಾತು: ಪಿಸ್ಟನ್ ಮೊದಲು ಕೈಗೆ ಬರಬೇಕು, ಅದನ್ನು ಅಳೆದು ಆಮೇಲೆ ಬೋರ್ ಮಾಡಬೇಕು. ಬೋರ್ ಮಾಡಿಸಿಟ್ಟು ಪಿಸ್ಟನ್ ಹುಡುಕಲು ಹೋದವರ ಸಿಲಿಂಡರುಗಳು ಭೋಸರಿಯ ಶೆಡ್ಡುಗಳಲ್ಲಿ ಧೂಳು ತಿನ್ನುತ್ತಿವೆ.

ಈ ಹೊತ್ತಿಗೆ ಒಂದು ಆಸೆಯೂ ಎದುರಾಯಿತು. ಪುಣೆಯ ಜೂನಾ ಬಜಾರ್ ಬುಧವಾರ ಮತ್ತು ಭಾನುವಾರ ಸೇರುತ್ತದೆ. ಅಲ್ಲಿ ಪರಿಚಯವಾದ ಗುಜರಿ ವ್ಯಾಪಾರಿಯೊಬ್ಬ ತನ್ನ ಗೋಡೌನಿಗೆ ಕರೆದೊಯ್ದು ಪೂರ್ತಿ ಯೆಜ್ಡಿ ಎಂಜಿನ್ ತೋರಿಸಿದ. ಅದೇ ಮಾಡೆಲ್ಲು, ಕಿಕ್ ಹೊಡೆದರೆ ಕಂಪ್ರೆಷನ್ ಚೆನ್ನಾಗಿತ್ತು. ಬೆಲೆ 11 ಸಾವಿರ, ಚೌಕಾಸಿ ಮಾಡಿದರೆ 9ಕ್ಕೆ ಬರುತ್ತಿತ್ತು. ನನ್ನ ಲೆಕ್ಕದಲ್ಲಿ ಎಂಜಿನ್ ರಿಪೇರಿಗೆ, ಮೆಕ್ಯಾನಿಕ್ ಮಜೂರಿ ಸೇರಿದರೆ, ಅದಕ್ಕಿಂತ ಬಹಳ ಹೆಚ್ಚಾಗುತ್ತಿತ್ತು. ದಿನವೂ ಉಳಿಯುತ್ತಿತ್ತು, ನವೆಂಬರ್ ಬಾಗಿಲಲ್ಲೇ ಇತ್ತು. ಆದರೆ ಎಂಜಿನ್ ನಂಬರು ಬೇರೆ, ಕಾಗದವಿಲ್ಲ, ಯಾವ ಬೈಕಿನಿಂದ ಬಂತೆಂದು ಕೇಳಿದರೆ ಉತ್ತರವೂ ಇಲ್ಲ. ಕದ್ದ ಮಾಲಾಗಿದ್ದರೆ ಗತಿಯೇನು? ಗದಗಿನಲ್ಲಿ ತಪಾಸಣೆಯ ದಿನ ಆರ್‌ಸಿಯ ನಂಬರಿಗೂ ಎಂಜಿನ್ನಿಗೂ ತಾಳೆಯಾಗದಿದ್ದರೆ ಮುಂದೇನು? 2029ರ ಮಾತಂತೂ ದೂರವೇ ಉಳಿಯಿತು. ಕೆಲವರು ನಂಬರು ಉಜ್ಜಿ ಹೊಸದಾಗಿ ಹೊಡೆಸಿಕೊಡುತ್ತೇವೆ ಅನ್ನುತ್ತಾರೆ. ಅದು ನೇರ ಅಪರಾಧ, ಅಂಥವರ ಅಂಗಡಿಯಲ್ಲಿ ಚಹಾ ಕೂಡ ಕುಡಿಯಬಾರದು. ಆ ಎಂಜಿನ್ನನ್ನು ಅಲ್ಲೇ ಬಿಟ್ಟು ಬಂದೆ. ಅದರ ಪಕ್ಕದ ರಾಶಿಯಿಂದ ಗೇರ್ ಲಿವರ್ ಒಂದನ್ನು 350ಕ್ಕೆ ತಂದೆ. ಯೆಜ್ಡಿಯಲ್ಲಿ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುತ್ತದಲ್ಲ, ಎರಡು ಕೆಲಸ ಮಾಡುವ ಆ ಲಿವರಿನ ಹಲ್ಲುಗಳು ನಮ್ಮದರಲ್ಲಿ ಸವೆದು ಜಾರುತ್ತಿದ್ದವು. ಇಂಥ ಭಾಗದಲ್ಲಿ ಡೂಪ್ಲಿಕೇಟಿಗಿಂತ ಹಳೇ ಕಂಪನಿ ಮಾಲೇ ಗಟ್ಟಿ.

ಮಿಕ್ಕದ್ದನ್ನು ಬೇಗ ಹೇಳಿಬಿಡುತ್ತೇನೆ. ಜೋಡಿ ಸೈಲೆನ್ಸರ್ ಹಳೇ ಸ್ಟಾಕಿನದು 18 ಸಾವಿರ ಅಂದರು. ನಮ್ಮ ಹಳೆಯದನ್ನೇ ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಹಾಕಿ ಒಳಗಿನ ಮಸಿ ತೆಗೆದು, ತೂತು ಬೆಸೆಸಿ, ಕ್ರೋಮ್ ಹಾಕಿಸಿದ್ದಕ್ಕೆ 3,600. ಕಾಸ್ಟಿಕ್ ಸೋಡಾ ಕೈ ಸುಡುತ್ತದೆ, ಗ್ಲೌಸ್ ಬೇಕೇ ಬೇಕು. ಅಲ್ಯುಮಿನಿಯಂ ಭಾಗವನ್ನು ಅದರೊಳಗೆ ಹಾಕಿದರೆ ಕರಗಿಯೇ ಹೋಗುತ್ತದೆ. ಕ್ಲಚ್, ಬ್ರೇಕಿನ ಕೇಬಲ್ಲುಗಳನ್ನು ಹಳೆಯದರ ಅಳತೆಗೆ ಮಾಡಿಕೊಡುವವರಿದ್ದಾರೆ. ಬ್ರೇಕ್ ಶೂಗೆ ಹೊಸ ಲೈನಿಂಗ್ ಅಂಟಿಸಿದರೆ ಸಾಕು. ಫುಟ್‌ರೆಸ್ಟ್ ರಬ್ಬರು, ಗ್ರಿಪ್ಪು, ಸೀಟ್ ಕವರು, ವೈರಿಂಗ್ ಇವನ್ನೆಲ್ಲ ಕಣ್ಣುಮುಚ್ಚಿ ಡೂಪ್ಲಿಕೇಟ್ ತನ್ನಿ. ಡೈನಮೊ ಮರುಸುತ್ತಿಸಿದೆವು. 12 ವೋಲ್ಟಿಗೆ ಬದಲಾಯಿಸಿ ಎಂದು ಎಲ್ಲರೂ ಹೇಳಿದರು, ನಾನು 6 ವೋಲ್ಟಿನಲ್ಲೇ ಉಳಿಸಿದೆ. ಲೈಟು ಮಂಕು, ನಿಜ. ರಾತ್ರಿ ಓಡಿಸುವವರು ಯಾರಿದ್ದಾರೆ? ಪೇಂಟಿಗೆ 9 ಸಾವಿರ ಕೊಟ್ಟೆ, ಕನ್ನಡಿಯಂತೆ ಹೊಳೆಯುವುದಿಲ್ಲ, 1979ರಲ್ಲೂ ಹೊಳೆಯುತ್ತಿರಲಿಲ್ಲ ಅಂದರು ಅಪ್ಪ.

ಬೇರೆ ಊರುಗಳಲ್ಲಿರುವವರಿಗೆ: ಚೆನ್ನೈನಲ್ಲಿ ಪುದುಪೇಟೆ, ಮುಂಬೈಯಲ್ಲಿ ಕುರ್ಲಾದ ಗುಜರಿ ಸಾಲು, ದಿಲ್ಲಿಯಲ್ಲಿ ಕರೋಲ್ ಬಾಗ್ ಮತ್ತು ಮಾಯಾಪುರಿ, ಸಿಕಂದರಾಬಾದಿನ ರಾಣಿಗಂಜಿನಲ್ಲಿ ಬೇರಿಂಗು ಸೀಲುಗಳು. ಬೆಳಿಗ್ಗೆಯೇ ಹೋಗಿ, ಹಳೇ ಭಾಗವನ್ನು ಚೀಲದಲ್ಲಿ ಒಯ್ಯಿರಿ, ಬಾಯಿಮಾತಿನಲ್ಲಿ ವರ್ಣಿಸಬೇಡಿ. ಫೋನಿನ ಮೂಲಕ ತರಿಸುವುದಾದರೆ ಸ್ಕೇಲ್ ಪಕ್ಕದಲ್ಲಿಟ್ಟ ಫೋಟೊ ಕೇಳಿ. ದೂರದ ಒಬ್ಬ ವ್ಯಾಪಾರಿ ನನಗೆ ಕ್ಲಾಸಿಕ್‌ನದೆಂದು ಹೇಳಿ ರೋಡ್‌ಕಿಂಗ್‌ನ ಕ್ಲಚ್ ಕವರ್ ಕಳಿಸಿ, ವಾಪಸ್ ತೆಗೆದುಕೊಳ್ಳಲು ಮೂರು ವಾರ ಸತಾಯಿಸಿದ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನವೆಂದು ಹಲವು ಊರುಗಳಲ್ಲಿ ಬೈಕಿನವರು ಸೇರುತ್ತಾರೆ. ಬಿಡಿಭಾಗಕ್ಕಿಂತ ಅದನ್ನು ಇಟ್ಟುಕೊಂಡಿರುವ ಮನುಷ್ಯರನ್ನು ಹುಡುಕಲು ಅದು ಒಳ್ಳೆಯ ಜಾಗ. ನಮ್ಮ ಸ್ಪೀಡೋಮೀಟರ್ ಕೇಬಲ್ ಅಂಥ ಪರಿಚಯದಿಂದ ಒಂದು ಪ್ಲೇಟ್ ಮಿಸಳಿನ ಬೆಲೆಗೆ ಸಿಕ್ಕಿತು.

ಹೋಗಿ ಬರುವ ರೈಲು ಬಾಡಿಗೆ, ಮೆಕ್ಯಾನಿಕ್ ಮಜೂರಿ ಸೇರಿ ಒಟ್ಟು 54 ಸಾವಿರದ ಆಸುಪಾಸು ಆಯಿತು. ಮೇಲಿನ ನಾಲ್ಕು ಸಾವಿರದ ಲೆಕ್ಕ ಮನೆಯಲ್ಲಿ ಇನ್ನೂ ಚರ್ಚೆಯಲ್ಲಿದೆ. ಡಿಸೆಂಬರ್ ಎರಡನೇ ವಾರ ಗದಗಿನಲ್ಲಿ ತಪಾಸಣೆಗೆ ಒಯ್ದೆವು. ಇನ್‌ಸ್ಪೆಕ್ಟರು ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ, ಎಂಜಿನ್ ನಂಬರು ತಾಳೆ ನೋಡಿ, ಹಾರ್ನ್ ಹೊಡೆಯಲು ಹೇಳಿದರು. 6 ವೋಲ್ಟಿನ ಹಾರ್ನು ಆಡಿನ ಮರಿಯಂತೆ ಕೂಗಿತು. ಸಾಕು ಅಂದರು. ಸ್ಟಾರ್ಟ್ ಮಾಡಿ ಅಂದಾಗ ನಾನು ಮುಂದಾದೆ. "ನಿಂಗ ಬರಂಗಿಲ್ಲ, ಸರಿ ಆಕಡೆ" ಎಂದು ಅಪ್ಪನೇ ಲಿವರ್ ಒತ್ತಿ ತಿರುಗಿಸಿ ಒಂದು ಸಲ ತುಳಿದರು, ಎರಡನೆಯ ತುಳಿತಕ್ಕೆ ಹೊತ್ತಿಕೊಂಡಿತು. ಆರ್‌ಸಿ 2029ರ ತನಕ ಆಯಿತು.

ಒಂದು ಭಾಗ ಮಾತ್ರ ಇನ್ನೂ ಸಿಕ್ಕಿಲ್ಲ: ಟೂಲ್ ಬಾಕ್ಸಿನ ಮುಚ್ಚಳ, ಬೀಗ ಇರುವಂಥದು. ಡೂಪ್ಲಿಕೇಟ್ ಎರಡು ತಂದು ನೋಡಿದೆ, ಎರಡೂ ಕೂರುವುದಿಲ್ಲ. ಸದ್ಯಕ್ಕೆ ತಗಡು ಕತ್ತರಿಸಿ ತಂತಿ ಕಟ್ಟಿದ್ದೇವೆ. ಈ ಪತ್ರಿಕೆ ಓದುವವರ ಯಾರ ಊರಿನ ಮನೆಯಲ್ಲಾದರೂ ಬಿದ್ದಿದ್ದರೆ ಸಂಪಾದಕರಿಗೆ ಒಂದು ಸಾಲು ಬರೆಯಿರಿ. ಬಣ್ಣ ಯಾವುದಾದರೂ ಆದೀತು, ಬೀಗದ ಕೈ ಇಲ್ಲದಿದ್ದರೂ ಆದೀತು.